ಏಳನೆಯ ಏಟು

ಮಗನ ಹೆಣವನ್ನು ಟೆಂಪೋದಿಂದ ಇಳಿಸುವಾಗ ಮಂಟೇಸ್ವಾಮಿ ಕಾಲಿನ ಕಡೆ ಹಿಡಿದುಕೊಂಡ. ಕಾಲಲ್ಲಿ ಬೂಟು ಹಾಗೇ ಇತ್ತು. ತಿ. ನರಸೀಪುರದ ಮದುವೆಮನೆಯಲ್ಲಿ ಬೆಳಿಗ್ಗೆ ಕೀಬೋರ್ಡ್ ನುಡಿಸುತ್ತಿದ್ದ ಚೆಲುವಯ್ಯ ಎದೆ ಹಿಡಿದುಕೊಂಡು ಅದರ ಮೇಲೇ ಕುಸಿದನಂತೆ. ಮೂವತ್ತೆಂಟರ ಗಟ್ಟಿ ಆಳು! ಹೆಡತಲೆ ಊರಿನ ಬೀದಿಗೆ ಬೀದಿಯೇ ದಂಗುಬಡಿದು ನಿಂತಿತ್ತು. ಅಳುವುದೂ ಯಾರಿಗೂ ತೋಚಿರಲಿಲ್ಲ.

"ಮಾವ, ತಮಟೆ ಕಾಯಿಸ್ಕೊಳ್ಳಿ. ಒತ್ತಾಯ್ತು," ಎಂದಳು ಸೊಸೆ ಸಾಕಮ್ಮ.

"ನಾ ಒಡೆಯಲ್ಲ ಕಣವ್ವ."

ಊರಿನ ಎಷ್ಟು ಸಾವುಗಳ ಮುಂದೆ ಬಡಿದ ಕೈ ಅದು! ಆಲೆಮನೆಯ ಗಾಣಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದ ಮೇಲೂ ಮಂಟೇಸ್ವಾಮಿ ತಮಟೆ ಬಿಟ್ಟಿರಲಿಲ್ಲ. ಪ್ರತಿ ಸುತ್ತಿನಲ್ಲೂ ಏಳನೆಯ ಏಟು ಮಾತ್ರ ಚೂರು ತಡವಾಗಿ ಬೀಳುತ್ತಿತ್ತು.

"ನನ್ ಕುಂಟೇಟು ಅವ್ನಿಗೆ ನಗೆಪಾಟ್ಲು. ಬ್ಯಾರೆ ಯಾರ್ನಾರ ಕರೀರಿ."

*

ಮೂರು ವರ್ಷದ ಹಿಂದೆ, ಎರಡು ಸಾವಿರದ ಒಂದರಲ್ಲಿ, ಚೆಲುವಯ್ಯ ಮೈಸೂರಿನಿಂದ ಹಳೆಯ ಕಂಪ್ಯೂಟರ್ ತಂದು ಹಿತ್ತಲ ಕೋಣೆಯಲ್ಲಿಟ್ಟಿದ್ದ. ಕೀಬೋರ್ಡಿನಿಂದ ಅದಕ್ಕೊಂದು ವೈರು.

"ಇದು ಸದ್ದ ಇಟ್ಕೊಳಲ್ಲಪ್ಪ, ಬೆರಳ್ನ ಇಟ್ಕೊತದೆ. ಯಾವ ಕೀ ಒತ್ತಿದೆ, ಯಾವಾಗ ಒತ್ತಿದೆ, ಎಲ್ಲ. ಬೇಕಂದಾಗ ಕೀಬೋರ್ಡ್ನಲ್ಲಿ ಅಂಗೇ ಬಾರುಸ್ತದೆ."

ಕೀಬೋರ್ಡಿನಲ್ಲಿ ತಮಟೆಯ ಸದ್ದು ಹಾಕಿ, ಬೇಕೆಂದೇ ತಾಳ ತಪ್ಪಿಸಿ ನುಡಿಸಿ, ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಏಟುಗಳೆಲ್ಲ ಸಾಲಿಗೆ ಬಂದು ನಿಂತವು.

"ನೋಡು, ತಪ್ಪೆಲ್ಲ ಸರಿ ಓಯ್ತು."

"ನನ್ ಕೈನೂ ಸರಿ ಮಾಡ್ತದೇನ್ಲಾ?"

ಚೆಲುವಯ್ಯ ನಕ್ಕುಬಿಟ್ಟ. ಆ ನಗು ಅಪ್ಪನ ಎದೆಗೆ ನಾಟಿತು. ಒಂದೇ ಅಂಗಳವಾದರೂ ಅಂದಿನಿಂದ ಅವನು ಆ ಕೋಣೆಯ ಹೊಸಿಲು ತುಳಿಯಲಿಲ್ಲ. ಮಗ ಕರೆದು ಕರೆದು ಸುಮ್ಮನಾದ.

*

ನಂಜನಗೂಡಿನ ವಾದ್ಯಗೋಷ್ಠಿಯಲ್ಲಿ ಚೆಲುವಯ್ಯನ ಜೊತೆ ಡ್ರಮ್ಸ್ ಬಾರಿಸುತ್ತಿದ್ದ ಮಾದು, ಟೆಂಪೋದಿಂದ ಕೀಬೋರ್ಡನ್ನು ಕೋಣೆಗೆ ಹೊತ್ತು ತಂದು ವೈರು ಸಿಕ್ಕಿಸಿದ. "ಕೊನೇಲಿ ಏನ್ ಮಾಡಿದ್ನೋ ಅದ್ನ ಕೇಳುಸ್ಬುಡನ," ಎಂದು ಕಂಪ್ಯೂಟರಿನ ಗುಂಡಿ ಒತ್ತಿದ.

ತಮಟೆ ಬಡಿಯತೊಡಗಿತು.

ಅಂಗಳ ಬೆಚ್ಚಿಬಿದ್ದಿತು. ಹೆಂಗಸರು ಕಿಟಕಿಯಲ್ಲಿ ಇಣುಕಿದರು. ಕೀಬೋರ್ಡಿನ ಮುಂದೆ ಯಾರೂ ಇಲ್ಲ, ಒಂದು ಕೀಯೂ ಅಲುಗುತ್ತಿಲ್ಲ, ಸದ್ದು ಮಾತ್ರ ಅದರಿಂದಲೇ ಬರುತ್ತಿದೆ.

"ಅಯ್ಯೋ ಸಿವ್ನೇ, ಸತ್ತೋನು ಬಾರುಸ್ತಾವ್ನೆ!" ಎಂದು ಪಕ್ಕದ ಮನೆಯ ಕೆಂಪಾಜಮ್ಮ ಚೀರಿದಳು.

ಮಂಟೇಸ್ವಾಮಿ ಏಟು ಎಣಿಸಿದ. ಐದು. ಆರು. ಏಳು ತಡವಾಗಿ ಬಿತ್ತು. ಮತ್ತೆ ಎಣಿಸಿದ. ಮತ್ತೆ ತಡ. ಮೂರು ವರ್ಷದ ಮೇಲೆ ಆ ಹೊಸಿಲು ದಾಟಿದ.

"ಮಾದು, ಇದು ಅವ್ನು ತಪ್ಪಿ ಬಾರ್ಸಿರದೇನ್ಲಾ?"

"ಇಲ್ಲ ದೊಡ್ಡಪ್ಪ, ಬೇಕಂತ್ಲೇ. ಸರಿ ಮಾಡನ ಅಂತ ನಾನು ಗುಂಡಿ ಒತ್ತಕ್ಕೋದೆ. ಕೈ ಮ್ಯಾಲೆ ಒಡ್ದ. 'ಮುಟ್ಬ್ಯಾಡ, ಅದು ನಮ್ಮಪ್ಪನ ಕೈ ಕಣ್ಲಾ' ಅಂದ."

ಪಾಪಿ, ಇದನ್ನು ಬಾಯಿಬಿಟ್ಟು ಹೇಳಬಾರದಿತ್ತೇ! ತಾನಾದರೂ ಒಂದು ಸಲ ಒಳಗೆ ಬರಬಾರದಿತ್ತೇ! ಮಂಟೇಸ್ವಾಮಿ ಹೊರಗೆ ಬಂದು, ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದ.

ಚಟ್ಟ ಎತ್ತಿದಾಗಲೂ ಕೋಣೆಯಲ್ಲಿ ಅದು ನುಡಿಯುತ್ತಲೇ ಇತ್ತು. ನಿಲ್ಲಿಸಲು ಯಾರಿಗೂ ಮನಸ್ಸು ಬರಲಿಲ್ಲ. ಅಪ್ಪ ತಮಟೆ ಬಡಿಯುತ್ತ ಮುಂದೆ ಹೊರಟ. ಒಳಗೆ ಆರು, ಹೊರಗೆ ಆರು. ಹೆಗಲು ಕೊಟ್ಟವರು ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತರು.

ಎರಡು ಏಟೂ ಕೂಡಿ, ತಡವಾಗಿ, ಬಿದ್ದವು.