ತಮ್ಮ ತಂದ ಗಾಂಜಾ ಎಣ್ಣೆ

ಹೊಲಿಗೆ ಮಿಷಿನ್ ರಿಪೇರಿಯವನ ಬಾಯಿಗೆ ಹೆದರದ ಗಿರಾಕಿಯೇ ಇರಲಿಲ್ಲ. ಮಿಷಿನ್ ಬಿಗಿಯಾಯಿತೆಂದು ಯಾರಾದರೂ ಹೊತ್ತು ತಂದರೆ ಸಾಕು, ಬಿಚ್ಚಿ, ಮೂಸಿ, "ಅಡುಗೆ ಎಣ್ಣೆ ಬಿಟ್ಟಿದ್ದೀರಿ. ಯಾರು ಹೇಳಿದ್ರು?" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಪಕ್ಕದ ಮನೆಯವರು ಎಂದರೋ, ಕೆಟ್ಟಿತು ಕೆಲಸ. "ಅವರು ಹೇಳಿದ್ರೆ ಬಾವಿಗೂ ಬೀಳ್ತೀರಾ?"

ಇಂಥ ದೂರ್ವಾಸ ಮುನಿ ಅಕ್ಕನ ಮುಂದೆ ಮಾತ್ರ ಬೆಕ್ಕಿನ ಮರಿ. ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ಅವನನ್ನು ಸಾಕಿದವಳು ಅವಳು. ಅವಳ ಎದೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಇವನಿಗೆ ಊಟವೇ ಸೇರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದು ಅವಳು ಬಕೆಟ್ ಹಿಡಿದು ವಾಂತಿ ಮಾಡುವಾಗ ಇವನು ನೋಡಲಾರದೆ ಹೊರಗೆ ಹೋಗಿಬಿಡುತ್ತಿದ್ದ. ಆಗಲೇ ಯಾರೋ ಗಾಂಜಾ ಎಣ್ಣೆಯ ಮಾತೆತ್ತಿದರು. ಗಡ್ಡೆ ಕರಗುತ್ತದಂತೆ, ಆಸ್ಪತ್ರೆಯ ಗೊಡವೆಯೇ ಬೇಡವಂತೆ. ಎಲ್ಲೆಲ್ಲೋ ಅಲೆದು ಒಂದು ಸೀಸೆ ತಂದುಕೊಟ್ಟ. ಸೀಸೆ ಖಾಲಿಯಾಗುತ್ತಾ ಬಂತು, ಅಕ್ಕನ ಮುಖಕ್ಕೂ ಕಳೆ ಬಂತು. ಇನ್ನೇನು ಬೇಕು?

ಇವತ್ತು ಇನ್ನೊಂದು ಸೀಸೆಯನ್ನು ಜೇಬಿಗಿಳಿಸಿಕೊಂಡೇ ಬಂದಿದ್ದ.

"ನಾಳೆ ಆಸ್ಪತ್ರೆಗೆ ಹೋಗೋದು ಬೇಡ ಅಕ್ಕ. ಎಣ್ಣೆ ಹಿಡಿಸಿದೆ. ಮತ್ತೆ ಆ ವಿಷ ಯಾಕೆ?"

ಅಕ್ಕ ಉತ್ತರ ಕೊಡುವ ಮೊದಲೇ, ಕಿಟಕಿಯ ಹತ್ತಿರ ಬಟ್ಟೆ ಹೊದ್ದು ನಿಂತಿದ್ದ ಮಿಷಿನ್ ಕಣ್ಣಿಗೆ ಬಿತ್ತು. ಚಕ್ರ ತಿರುಗಿಸಲು ನೋಡಿದ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಅದನ್ನ ಬಿಡೋ, ಆಮೇಲೆ ನೋಡೋಣ," ಎಂದಳು ಅಕ್ಕ. ಕೆಟ್ಟ ಮಿಷಿನ್ ಬಿಟ್ಟು ಸುಮ್ಮನೆ ಕೂರುವ ಆಸಾಮಿಯೇ ಇವನು? ತಳ ಎತ್ತಿ ನೋಡಿದ. ಕೀಲುಗಳಿಗೆಲ್ಲ ಕಂದು ಬಣ್ಣದ ಅಂಟು ಮೆತ್ತಿತ್ತು. ಅಭ್ಯಾಸಬಲದಿಂದ ಬೆರಳಿಗೆ ಹಚ್ಚಿ ಮೂಸಿದ. ತಾನು ತಂದ ಗಾಂಜಾ ಎಣ್ಣೆಯದೇ ವಾಸನೆ. ಅಕ್ಕನ ಕಡೆ ತಿರುಗಿದ.

"ಚೆಲ್ಲೋಕೆ ಮನಸ್ಸು ಬರಲಿಲ್ಲ ಕಣೋ," ಎಂದಳು ಅಕ್ಕ. "ನೀನು ಅಷ್ಟು ಅಲೆದು ತಂದಿದ್ದೆ. ಹೇಗೂ ಎಣ್ಣೆ ತಾನೇ, ಇದಕ್ಕಾದ್ರೂ ಆಗಲಿ ಅಂತ ಬಿಟ್ಟೆ."

"ಒಂದು ಹನಿನೂ ಕುಡೀಲಿಲ್ವಾ?"

"ಡಾಕ್ಟರಮ್ಮನ್ನ ಕೇಳಿದೆ. ಆ ಗಿಡದ ಕೆಲವು ಔಷಧಿ ವಾಂತಿಗೆ ಕೊಡೋದುಂಟಂತೆ. ಗಡ್ಡೆ ಕರಗಿಸುತ್ತೆ ಅನ್ನೋದಕ್ಕೆ ಆಧಾರ ಇಲ್ವಂತೆ. ಸೀಸೇಲಿ ಏನಿದೆಯೋ ಏನೋ, ನಮ್ಮ ಔಷಧಿ ಜೊತೆ ಬೇಡ ಅಂದ್ರು. ವಾಂತಿಗೆ ಬೇರೆ ಮಾತ್ರೆ ಕೊಟ್ರು. ಅದಕ್ಕೇ ಈಗ ತಿಂದಿದ್ದು ನಿಲ್ತಾ ಇದೆ."

ಅವನಿಗೆ ಸಿಟ್ಟು ನೆತ್ತಿಗೇರಿತು. "ನನಗೆ ಹೇಳೋಕೇನಾಗಿತ್ತು?"

"ಆ ಸೀಸೆ ತಂದ ಮೇಲೆ ನೀನು ಊಟ ಮಾಡೋಕೆ ಶುರು ಮಾಡಿದ್ದೆ ಕಣೋ. ಹೇಗೆ ಹೇಳಲಿ?" ಅಕ್ಕ ಅವನ ಹತ್ತಿರ ಬಂದಳು. "ಆದ್ರೆ ನಾಳೆ ಹೋಗಬೇಡ ಅಂದ್ರೆ ನಾನು ಕೇಳಲ್ಲ. ನನಗೆ ಬದುಕಬೇಕು. ಯಾರೋ ಹೇಳಿದ್ರು ಅಂತ ಕಂಡ ಕಂಡ ಎಣ್ಣೆ ಬಿಡ್ತಾರೆ ಅಂತ ಊರಿಗೆಲ್ಲ ಬೈತೀಯ. ನನ್ನ ವಿಷಯಕ್ಕೆ ಬಂದಾಗ ನೀನು ಮಾಡಿದ್ದೇನು?"

ರಿಪೇರಿಯವನು ಮಿಷಿನ್ ಮೇಲೆ ತಲೆಯಿಟ್ಟು ಅತ್ತ. ಹೆದರಿಕೆಯಾಗಿತ್ತು ಎಂದ, ನೀನಿಲ್ಲದೆ ನನಗೆ ಯಾರಿದ್ದಾರೆ ಎಂದ. ಅಕ್ಕ ಬೆನ್ನು ಸವರುತ್ತಾ ನಿಂತಳು.

ಆಮೇಲೆ ಅವನು ಕಣ್ಣೊರೆಸಿಕೊಂಡು, ಸೀಮೆಎಣ್ಣೆ ಹಾಕಿ ಒಂದೊಂದೇ ಕೀಲನ್ನು ಉಜ್ಜಿ ತೊಳೆದ. ಮಿಷಿನ್ ಎಣ್ಣೆಯನ್ನೇ ಬಿಟ್ಟ. ಚಕ್ರ ಸಲೀಸಾಗಿ ತಿರುಗಿತು. ಜೇಬಿನ ಸೀಸೆಯನ್ನು ಕೊಳೆ ಚಿಂದಿಯ ಜೊತೆ ಕಸದ ಡಬ್ಬಿಗೆ ಹಾಕಿದ.

"ನಾಳೆ ನಾನೂ ಬರ್ತೀನಿ," ಎಂದ. "ಈ ಸಲ ಬಕೆಟ್ ನಾನು ಹಿಡ್ಕೋತೀನಿ."