ಮಂತ್ರಿ ಸುಮೇಧನ ಮೌನ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಿಂದೆ ಒಣಶುಂಠಿ ತುಂಬಿಡುತ್ತಿದ್ದ ಗೋದಾಮೊಂದರ ಮಹಡಿಯ ಕೋಣೆಯನ್ನು ಇರ್ಫಾನ್ ಬಾಡಿಗೆಗೆ ಹಿಡಿದಿದ್ದ. ಗೋಡೆ ದಪ್ಪ, ಕಿಟಕಿ ಒಂದೇ. ಕದ ಹಾಕಿದರೆ ಬಸ್ಸಿನ ಹಾರ್ನ್ ಕೂಡ ಒಳಗೆ ಬರುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಅವನೂ ಅವನ ಆಫೀಸಿನ ಗೆಳತಿ ಅಪೂರ್ವಾಳೂ ಅಲ್ಲಿ ಕೂತು ಒಂದು ಕನ್ನಡ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಅದು ಆಟವೂ ಹೌದು, ನಾಟಕವೂ ಹೌದು. ಹವಳದುರ್ಗ ಎಂಬ ಎಲ್ಲೂ ಇಲ್ಲದ ರಾಜ್ಯದ ಕಥೆಯನ್ನು ಅಪೂರ್ವಾ ಹೇಳುತ್ತಾ ಹೋಗುವಳು. ಇರ್ಫಾನ್ ಆ ರಾಜ್ಯದ ಎಳೆಯ ರಾಜ. ಬರೆದಿಟ್ಟ ಮಾತು ಒಂದೂ ಇಲ್ಲ. ಪಾತ್ರಧಾರಿ ಏನಾದರೂ ಸಾಧಿಸಹೊರಟರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದ, ಸಣ್ಣದು ಬಿದ್ದರೆ ಸೋತ.

ರಾಮದಾಸರು ಅವರಿಗೆ ಸಿಕ್ಕಿದ್ದು ತಿರುವನಂತಪುರದಲ್ಲಿ, ಕನ್ನಡಿಗರ ಒಂದು ಸಭೆಯಲ್ಲಿ. ಅಂದು ಇಬ್ಬರೂ ವೇದಿಕೆಯ ಮೇಲೆ ಆಡಿ ತೋರಿಸುತ್ತಿದ್ದರು. ರಾಜ ಒಬ್ಬ ಕಳ್ಳನಿಗೆ ಗಡೀಪಾರು ವಿಧಿಸಿದ. ಆಗ ಸಭೆಯ ನಡುವಿನಿಂದ ಒಬ್ಬರು ಎದ್ದು ನಿಂತು, "ಮಹಾರಾಜಾ, ತೀರ್ಪಿಗೆ ಮುಂಚೆ ಒಂದು ಅರಿಕೆ ಉಂಟು" ಎಂದರು. ಮೈಕ್ ಇಲ್ಲದೆ ಇಡೀ ಸಭಾಂಗಣ ತುಂಬಿದ ದನಿ. ಅಲ್ಲಿನ ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯ ಅಧಿಕಾರಿ. ಊರು ಕಾಸರಗೋಡಿನ ಕಡೆ. ಯೌವನದಲ್ಲಿ ತಾಳಮದ್ದಳೆಗಳಲ್ಲಿ ಅರ್ಥ ಹೇಳಿದವರು. ವೇಷವಿಲ್ಲದೆ ಕೂತು, ಎದುರಿನವನ ಮಾತಿಗೆ ಆಗಿಂದಾಗ ಮಾತು ಕಟ್ಟುವುದು ಅವರಿಗೆ ಹೊಸದಲ್ಲ. ಹೀಗೆ ಅವರು ಹವಳದುರ್ಗದ ಮಂತ್ರಿ ಸುಮೇಧರಾದರು. ಬೆಳಗಿನ ರೈಲು ಹಿಡಿದು ಕೊಚ್ಚಿಗೆ ಬಂದು, ಆಟ ಮುಗಿಸಿ ಸಂಜೆ ಹಿಂತಿರುಗುತ್ತಿದ್ದರು.

ಓಣಂ ಹೊತ್ತಿಗೆ ಅವರ ದನಿ ಒಡೆಯತೊಡಗಿತು. ಮುದಿ ಮಂತ್ರಿಗೆ ಈ ದನಿಯೇ ಚೆಂದ ಎಂದು ಕೇಳುಗರು ಬರೆದರು. ಅಪೂರ್ವಾಳೂ ಒಮ್ಮೆ ಹಾಗೇ ಹೇಳಿದ್ದಳು. ಆಮೇಲೊಂದು ದಿನ ರಾಮದಾಸರು ಮೈಕಿನ ಮುಂದೆ ಕೂರುವ ಮೊದಲು ವಿಷಯ ತಿಳಿಸಿದರು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ.

ಇರ್ಫಾನ್ ಅಂದ: "ರಾಮದಾಸಣ್ಣ, ಆಪರೇಷನ್ನಿಗೆ ಮುಂಚೆ ನಿಮ್ಮ ಮಾತು ಒಂದಷ್ಟು ರೆಕಾರ್ಡ್ ಮಾಡಿಟ್ಟುಕೊಳ್ಳುವ. ಬೇಕಾದಲ್ಲಿ ಸೇರಿಸ್ಲಿಕ್ಕೆ ಆಗ್ತದೆ."

"ನೀನು ಕೇಳುವ ಮೊದಲೇ ನಾನು ಉತ್ತರ ಕೊಟ್ಟಿಡುವುದಾ?" ರಾಮದಾಸರು ತಲೆಯಾಡಿಸಿದರು. "ಅದು ಆಗ್ಲಿಕ್ಕಿಲ್ಲ ಮಾರಾಯ."

ಅಪೂರ್ವಾ ಮೆಲ್ಲನೆ, "ಹಾಗಾದ್ರೆ ಇವತ್ತೇ ಸುಮೇಧನ ಕಥೆ ಮುಗಿಸೋಣ್ವಾ ಸಾರ್? ಯುದ್ಧದಲ್ಲಿ ಗೌರವವಾಗಿ..." ಎಂದಳು.

"ಅವನಿಗೆಂತ ಆಗಿದೆ? ಕಾಯಿಲೆ ಇರುವುದು ನನಗೆ. ನೀನು ಕಥೆ ಹೇಳು."

ಅಂದಿನ ಕಥೆಯಲ್ಲಿ ಆಚೆ ದಡದ ಊರನ್ನು ಕಡಲು ನುಂಗಿತ್ತು. ಹಿಂದೆ ಹವಳದುರ್ಗಕ್ಕೆ ಬೆಂಕಿಯಿಟ್ಟಿದ್ದ ಜನವೇ ಈಗ ಹೆಂಡಿರು ಮಕ್ಕಳೊಂದಿಗೆ ದೋಣಿಗಳಲ್ಲಿ ಬಂದು ಕೋಟೆಯ ಬಾಗಿಲ ಮುಂದೆ ನಿಂತಿತ್ತು. ತೆರೆಯಬಾರದು ಎಂದ ರಾಜ. ಮಂತ್ರಿ ಎದ್ದ.

"ಬೆಂಕಿಯಿಟ್ಟದ್ದು ಇವರೇ, ಪ್ರಭು. ಅದನ್ನು ಆರಿಸಿದವರಲ್ಲಿ ನಾನೂ ಒಬ್ಬ. ಸುಟ್ಟ ಗುರುತು ಈ ಅಂಗೈಯಲ್ಲಿ ಇನ್ನೂ ಇದೆ. ಅಪ್ಪಣೆಯಾದರೆ ಇದೇ ಕೈಯಿಂದ ಬಾಗಿಲು ತೆರೆಯುತ್ತೇನೆ."

ಅವರು ಬಹಳ ಹೊತ್ತು ಮಾತಾಡಿದರು. ನಡುನಡುವೆ ದನಿ ಕಡಿದು ಹೋಗುತ್ತಿತ್ತು. ಬಿಸಿನೀರು ಗುಟುಕರಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮುಗಿಸಿ ದಾಳ ಉರುಳಿಸಿದರು. ಅದು, ತನ್ನ ಟಿಪ್ಪಣಿಗಳು ಕಾಣದಂತೆ ಅಪೂರ್ವಾ ಅಡ್ಡ ನಿಲ್ಲಿಸಿದ್ದ ರಟ್ಟಿನ ಹಿಂದೆ ಹೋಗಿ ನಿಂತಿತು. ಅವಳೊಬ್ಬಳಿಗೇ ಕಂಡಿತು.

"ಮೂರು" ಅಂದಳು ಅಪೂರ್ವಾ.

ಇರ್ಫಾನ್ ಅವಳನ್ನೇ ನೋಡಿದ. ಆಟದ ನಿಯಮದಂತೆ ಅವನು ಹೇಳಲೇಬೇಕಿತ್ತು: "ಬಾಗಿಲು ತೆರೆಯುವುದಿಲ್ಲ."

ರಾಮದಾಸರು ನಮಸ್ಕಾರ ಮಾಡಿ ರೈಲಿಗೆ ಹೊರಟರು. ಅವರು ಮೆಟ್ಟಿಲಿಳಿದದ್ದೇ ತಡ ಇರ್ಫಾನ್ ಸಿಡಿದ: "ಹದಿನೆಂಟು ಅಂತ ಹೇಳಿದ್ರೆ ನಿನ್ನದೆಂತ ಹೋಗ್ತಿತ್ತು? ಅವರ ಕಡೇ ಮಾತು ಅದು!"

"ಅವ್ರಿಗೆ ಗೊತ್ತಾಗ್ತಿತ್ತು ಕಣೋ. ನನ್ನ ಮುಖ ನೋಡಿದ್ರೆ ಸಾಕಿತ್ತು" ಅಂದಳು. ಎಡಪ್ಪಳ್ಳಿಯ ತನ್ನ ಮನೆ ಸೇರುವವರೆಗೂ ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು ಅತ್ತಳು. ಮಾಡಿದ್ದು ಸರಿಯೋ ತಪ್ಪೋ ಅವಳಿಗೇ ತಿಳಿಯಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ವಾರಗಳು ಕಳೆದವು. ಒಂದು ಸಂಜೆ ರಾಮದಾಸರ ಹೆಂಡತಿ ವಸಂತಿ ಫೋನ್ ಮಾಡಿದರು. "ಆಟ ಯಾವಾಗ ಅಂತ ಕೇಳ್ತಿದ್ದಾರೆ. ಕೊಚ್ಚಿಗೆ ಕಳಿಸ್ಲಿಕ್ಕೆ ಈಗ ಆಗುದಿಲ್ಲ. ನೀವೇ ಬರ್ತೀರಾ?"

ಮೈಕುಗಳನ್ನು ಚೀಲಕ್ಕೆ ತುಂಬಿಕೊಂಡು ಇಬ್ಬರೂ ತಿರುವನಂತಪುರದ ಉಳ್ಳೂರಿನಲ್ಲಿದ್ದ ಅವರ ಮನೆಗೆ ಹೋದರು. ರಾಮದಾಸರು ಇಳಿದುಹೋಗಿದ್ದರು. ಕತ್ತಿನ ರಂಧ್ರದ ಮೇಲೆ ತೆಳು ಬಟ್ಟೆ. ಉಸಿರಾಡಿದಾಗ ಅದು ಅಲುಗುತ್ತಿತ್ತು. ಹತ್ತಿರ ಒಂದು ಸ್ಲೇಟು. ಅಪೂರ್ವಾ ಮೇಜಿನ ಮೇಲೆ ಕೋಟೆಯ ನಕ್ಷೆ ಹಾಸಿ, ಪಾತ್ರಗಳ ಗುರುತಿಗೆ ಅಂಗಿಯ ಗುಂಡಿಗಳನ್ನಿಟ್ಟು, ಕಥೆ ಶುರುಮಾಡಿದಳು. ಬಾಗಿಲು ಇನ್ನೂ ಮುಚ್ಚಿತ್ತು. ಹೊರಗೆ ಜನ ಇನ್ನೂ ನಿಂತಿದ್ದರು.

ರಾಮದಾಸರು ಸ್ಲೇಟನ್ನು ಮುಟ್ಟಲಿಲ್ಲ. ತಮ್ಮ ಬಿಳಿ ಗುಂಡಿಯನ್ನು ತೆಗೆದು, ಕೋಟೆಯ ಪಕ್ಕದ ದಿಡ್ಡಿಬಾಗಿಲಿನಿಂದ ದಾಟಿಸಿ, ಹೊರಗಿನ ಜನರ ನಡುವೆ ಇಟ್ಟರು.

ಅಪೂರ್ವಾಳಿಗೆ ಅರ್ಥವಾಯಿತು. "ಮಂತ್ರಿ ಸುಮೇಧ ಏನೂ ಹೇಳದೆ ಎದ್ದ. ಬಗ್ಗಿ ದಿಡ್ಡಿಬಾಗಿಲು ದಾಟಿ, ಹೊರಗಿದ್ದವರ ಜೊತೆ ನೆಲದ ಮೇಲೆ ಕುಳಿತ."

"ಮಂತ್ರಿಗಳೇ, ಇದೇನು? ಒಳಗೆ ಬನ್ನಿ" ಅಂದ ರಾಜ.

ಮೈಕಿನಲ್ಲಿ ಉಸಿರಿನ ಸದ್ದು ಮಾತ್ರ.

"ಬನ್ನಿ ಅಂದೆ. ಇದು ಅಪ್ಪಣೆ." ಉಸಿರು. "ನನ್ನ ಮೇಲೆ ಸಿಟ್ಟೇ? ಸಿಟ್ಟಾದರೂ ಮಾಡಿ. ಏನಾದರೂ ಹೇಳಿ. ನೀವು ಸುಮ್ಮನಿದ್ದರೆ ನನಗೆ... ನಾನು ಯಾರ ಹತ್ತಿರ ಕೇಳಲಿ?" ಇರ್ಫಾನ್ ಅಳತೊಡಗಿದ. ಅವನು ರಾಜನಾಗಿ ಅಳುತ್ತಿದ್ದನೋ ಇರ್ಫಾನನಾಗಿ ಅಳುತ್ತಿದ್ದನೋ ಅಪೂರ್ವಾಳಿಗೆ ಗೊತ್ತಾಗಲಿಲ್ಲ.

ಅಭ್ಯಾಸಬಲದಿಂದ ಅವಳು ದಾಳಕ್ಕೆ ಕೈಚಾಚಿದಳು. ರಾಮದಾಸರು ಅದರ ಮೇಲೆ ಅಂಗೈ ಮುಚ್ಚಿ, ಇರ್ಫಾನನ ಕಡೆ ನೋಡಿದರು.

ಇರ್ಫಾನ್ ಮುಖ ಒರೆಸಿಕೊಂಡು ತನ್ನ ಕೆಂಪು ಗುಂಡಿಯನ್ನು ಕೈಗೆತ್ತಿಕೊಂಡ.

"ನಾನೂ ಅವರ ಪಕ್ಕದಲ್ಲಿ ಕೂರುತ್ತೇನೆ" ಅಂದ. "ಆದರೆ ಅರಸನಾದವನು ದಿಡ್ಡಿಬಾಗಿಲಲ್ಲಿ ಬಗ್ಗಿ ಹೋಗುವ ಹಾಗಿಲ್ಲ. ಯಾರಲ್ಲಿ! ದೊಡ್ಡ ಬಾಗಿಲು ತೆಗೆಯಿರಿ."

ರಾಮದಾಸರ ಕಣ್ಣು ತುಂಬಿತ್ತು. ಅವರು ಬಾಗಿ ಇರ್ಫಾನನ ತಲೆಯ ಮೇಲೆ ಕೈಯಿಟ್ಟರು.

ಅಷ್ಟೂ ಹೊತ್ತು ವಸಂತಿ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಗಂಡನ ಈ ಆಟವನ್ನು ಅವರು ಹಿಂದೆ ಒಮ್ಮೆಯೂ ಕೇಳಿದವರಲ್ಲ. ಈಗ ಸೆರಗಿನಲ್ಲಿ ಕೈ ಒರೆಸುತ್ತಾ, "ಅಷ್ಟು ಜನ ಒಳಗೆ ಬಂದ್ರಲ್ಲ, ಅವರಿಗೆ ರಾತ್ರಿ ಊಟಕ್ಕೆ ಎಂತ ಉಂಟು?" ಎಂದರು.

ರಾಮದಾಸರ ಭುಜಗಳು ಕುಲುಕಿದವು. ಸದ್ದಿಲ್ಲದ ನಗು. ಸ್ಲೇಟು ತೆಗೆದುಕೊಂಡು, 'ರಾಜನನ್ನೇ ಕೇಳು' ಎಂದು ಬರೆದು ತೋರಿಸಿದರು.

ವಸಂತಿ ಕುರ್ಚಿ ಎಳೆದುಕೊಂಡು ಕುಳಿತರು. ಅಪೂರ್ವಾ ಒಂದು ಮೈಕನ್ನು ಅವರತ್ತ ತಿರುಗಿಸಿದಳು. ಅವರು ಮೈಕನ್ನೊಮ್ಮೆ, ಇರ್ಫಾನನನ್ನೊಮ್ಮೆ ನೋಡಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು.