ಚೆಲುವಯ್ಯನ ಕಣ್ಣಿನ ಕೋಲು

ನಾನು ಒಂದು ಅಳತೆಕೋಲು. ಅಡಿ, ಇಂಚುಗಳ ಗೆರೆ ಹೊತ್ತ ಶಾಲೆಯ ಕೋಲಲ್ಲ. ನನ್ನ ಮೈಮೇಲೆ ಒಂದು ಗುರುತೂ ಇಲ್ಲ. ನಾನು ಹುಟ್ಟಿದ್ದು ದೊಡ್ಡದೊಂದು ಕಲಾ ಸಂಗ್ರಹಾಲಯದ ಉಗ್ರಾಣದಲ್ಲಿ. ಗೋಡೆಗೆ ಚಿತ್ರ ತೂಗುಹಾಕುವ ಚೆಲುವಯ್ಯ, ಮುರಿದ ಚೌಕಟ್ಟಿನ ತೇಗದ ಪಟ್ಟಿಯೊಂದನ್ನು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡು, ಕಣ್ಣಿನ ನೇರಕ್ಕೆ ಕೊಯ್ದ. ಚಿತ್ರದ ನಡುಮಧ್ಯ ನನ್ನ ತುದಿಯ ಮಟ್ಟಕ್ಕೆ ಬರಬೇಕು. ಅಷ್ಟೇ ನನ್ನ ಕೆಲಸ. ಚೆಲುವಯ್ಯ ಆರಡಿಯ ಆಳು, ಹಾಗಾಗಿ ನನಗೂ ಸ್ವಲ್ಪ ಜಂಬವಿತ್ತು.

ನೋಡಲು ಬಂದವರಿಗೆ ಚಿತ್ರ ಮಾತ್ರ ಕಾಣುತ್ತದೆ. ಅದರ ಹಿಂದಿನ ತಂತಿ, ಮೊಳೆ, ಗೋಡೆಯ ಮೇಲಿನ ಪೆನ್ಸಿಲ್ ಗುರುತು ಗೊತ್ತಿದ್ದದ್ದು ನಮ್ಮ ನಾಲ್ಕೈದು ಜನಕ್ಕೆ.

ನಿವೃತ್ತನಾದ ದಿನ ಚೆಲುವಯ್ಯ ನನ್ನನ್ನು ಜವರಮ್ಮನ ಕೈಗಿಟ್ಟ. "ಇದು ಹೇಳ್ದಂಗೆ ಕೇಳವ್ವ, ಯಾವ ಸಾಹೇಬ್ರೂ ತಕರಾರು ಮಾಡಾಕಿಲ್ಲ" ಎಂದ.

ಜವರಮ್ಮ ಕಸ ಗುಡಿಸುವ ಕೆಲಸದಿಂದ ಮೇಲೆ ಬಂದವಳು. ಆಳು ಕುಳ್ಳಿ, ನನ್ನ ತುದಿ ಅವಳ ನೆತ್ತಿಗಿಂತ ಮೇಲಿತ್ತು. ವೀಣೆ ಹಿಡಿದ ಹೆಂಗಸಿನ ಚಿತ್ರವನ್ನು ಆಕೆ ಎಂಟು ಸಲ ತೂಗುಹಾಕಿದ್ದಳು. ಸ್ಟೂಲು ಹತ್ತಿದಾಗ ಮುಖ ಕಾಣುತ್ತಿತ್ತು, ಇಳಿದರೆ ಗಾಜಿನಲ್ಲಿ ಬರೀ ಟ್ಯೂಬ್‌ಲೈಟಿನ ಹೊಳಪು.

ಒಮ್ಮೆ ಗೋಡೆಗೆ ಬಣ್ಣ ಬಳಿಯಲು ಚಿತ್ರಗಳನ್ನೆಲ್ಲ ಇಳಿಸಿದರು. ಮತ್ತೆ ಏರಿಸುವ ದಿನ ಜವರಮ್ಮ ಗರಗಸ ತಂದವಳೇ ನನ್ನ ಬುಡದಿಂದ ಒಂದು ಗೇಣು ಕೊಯ್ದುಬಿಟ್ಟಳು. ನನಗೆ ಕೆಟ್ಟ ಸಿಟ್ಟು ಬಂತು. ಯಾರನ್ನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಎಂಬತ್ತನಾಲ್ಕು ಚಿತ್ರಗಳು ಗೇಣುದ್ದ ಕೆಳಗಿಳಿದವು.

ಹೊಸ ಬಣ್ಣದ ಸಭಾಂಗಣದ ಉದ್ಘಾಟನೆಗೆ ಎರಡು ದಿನವಿರುವಾಗ ನಿರ್ದೇಶಕ ನರಹರಿರಾಯರು ಬಂದು ಬಾಗಿಲಲ್ಲೇ ನಿಂತರು.

"ಏನಮ್ಮ ಇದು, ಚಿತ್ರಗಳೆಲ್ಲ ಜಾರಿವೆಯಾ?"

"ನಾನೇ ಇಳಿಸಿದ್ದು ಸಾರ್. ಮೇಲಿದ್ರೆ ನಮ್ಮಂಥೋರಿಗೆ ಕಾಣಾಕಿಲ್ಲ."

"ನಿಮ್ಮೆತ್ತರ ನೋಡ್ಕೊಂಡು ಮ್ಯೂಸಿಯಂ ಕಟ್ಟಿಲ್ಲ. ಚೆಲುವಯ್ಯನ್ನ ಕರೆಸ್ತೀನಿ. ಆತ ತಪ್ಪು ಅಂದ್ರೆ ನೀವು ಮತ್ತೆ ಪೊರಕೆ ಹಿಡೀಬೇಕಾಗುತ್ತೆ."

ಜವರಮ್ಮನ ಅಂಗೈ ಬೆವರಿತು. ನನ್ನನ್ನೇ ಹಿಡಿದಿದ್ದಳಲ್ಲ, ಗೊತ್ತಾಯಿತು. ಹನ್ನೊಂದು ವರ್ಷದ ದುಡಿಮೆ ಮುದುಕನೊಬ್ಬನ ಮಾತಿನ ಮೇಲೆ ನಿಂತಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಮರುದಿನ ರಾಯರ ಜೊತೆ ಚೆಲುವಯ್ಯ ಬಂದ. ನನಗೆ ಅವನ ಗುರುತೇ ಹತ್ತಲಿಲ್ಲ, ಬೆನ್ನು ಬಾಗಿಹೋಗಿತ್ತು. ಅವನಿಗೆ ಮಾತ್ರ ನನ್ನ ಗುರುತು ಸಿಕ್ಕಿತು.

"ಕೊಯ್ದಿದ್ದೀಯಾ?" ಎಂದು ಗದರಿದ.

"ಹೂಂ ಅಣ್ಣ."

ಹಳೆಯ ಅಭ್ಯಾಸದಂತೆ ನನ್ನನ್ನು ನೆಲಕ್ಕೂರಿ ಮುಖದ ಪಕ್ಕಕ್ಕೆ ಹಿಡಿದ. ನನ್ನ ತುದಿ ಸರಿಯಾಗಿ ಅವನ ಕಣ್ಣಿನ ನೇರಕ್ಕೆ ಬಂತು. ವೀಣೆಯ ಹೆಂಗಸಿನ ಎದುರು ಹೋಗಿ ನಿಂತ. ಎಷ್ಟು ಹೊತ್ತು ನಿಂತನೆಂದರೆ, ರಾಯರು ಎರಡು ಸಲ ವಾಚು ನೋಡಿಕೊಂಡರು.

"ಸ್ವಾಮಿ, ಈ ಕೋಲು ನನ್ ಕಣ್ಣಿಗೆ ಸಮ ಇರ್ಲಿ ಅಂತ್ಲೇ ಮಾಡಿದ್ದು. ಇವತ್ತೂ ಸಮನೇ ಅದೆ. ಇನ್ನೇನ್ ತಪ್ಪು ಹುಡುಕ್ಲಿ?"

ರಾಯರು ಆ ಬಾಗಿದ ಬೆನ್ನನ್ನು ನೋಡಿದರು. "ಹಾಗೇ ಇರ್ಲಿ ಬಿಡಿ" ಎಂದು ಹೊರಟುಹೋದರು. ಜವರಮ್ಮ ಸೆರಗಿನಿಂದ ಮೊದಲು ನನ್ನನ್ನು ಒರೆಸಿ, ಆಮೇಲೆ ಕಣ್ಣೊರೆಸಿಕೊಂಡಳು.

ಈಗ ನನ್ನ ಕೆಲಸಕ್ಕೆ, ಗೋಡೆಯ ಮೇಲೆ ಬೆಳಕಿನ ಗೆರೆ ಎಳೆಯುವ ಲೇಸರ್ ಯಂತ್ರ ಬಂದಿದೆ. ನಾನು ಉಗ್ರಾಣದ ಮೂಲೆಯಲ್ಲಿ ಒರಗಿದ್ದೇನೆ. ಕೊಯ್ದ ತುಂಡು ಅಲ್ಲೇ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಾಗಿ ಕೂತಿದೆ. ಆ ಗೇಣಿಗಾಗಿ ನನಗೀಗ ಬೇಸರವಿಲ್ಲ. ಯಂತ್ರ ಬಂದ ದಿನ, ಎತ್ತರ ಎಷ್ಟಿಡಬೇಕೆಂದು ಅದನ್ನು ತಂದವರು ಕೇಳಿದರು. ಜವರಮ್ಮ ಲೆಕ್ಕ ಹೇಳಲಿಲ್ಲ. ನನ್ನನ್ನೇ ತಂದು ಗೋಡೆಗೆ ನಿಲ್ಲಿಸಿದಳು. ಕೆಂಪು ಗೆರೆ ನನ್ನ ತುದಿಗೆ ಬಂದು ನಿಂತಿತು.